ರಾಂಜಣದಿಂದ ಮಿನಿ ಕೂಲರ್‌ವರೆಗೆ: ನಮ್ಮ ಕಡೆಯ ತಂಪಿನ ಲೆಕ್ಕ

ಹೋದ ಬೇಸಿಗೆಯ ಮಾತು. ನಮ್ಮ ಗುಂಪಿನ ಒಬ್ಬರ ಮನೆ ಕಮಲನಗರದ ಹತ್ತಿರದ ಹಳ್ಳಿಯಲ್ಲಿದೆ. ಮೇಲೆ ಪತ್ರಾ ಹೊದಿಸಿದ ಮನೆ. ಮೇ ತಿಂಗಳಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಒಳಗೆ ಕೂತರೆ ಹಂಚಿನ ಮೇಲೆ ಕೂತಂತೆ. ಮನೆಯಲ್ಲಿ ಎಪ್ಪತ್ತು ದಾಟಿದ ಆಯಿ ಇದ್ದಾರೆ. ಅವರಿಗಾಗಿ ನಾವು ಫೋನಿನಲ್ಲಿ ನೋಡಿ ಒಂದು ಪುಟ್ಟ ಕೂಲರ್ ತರಿಸಿದೆವು. ಬೆಲೆ ಸಾವಿರ ರೂಪಾಯಿಯ ಒಳಗೆ. ಫೋನ್ ಚಾರ್ಜರಿಗೆ ಸಿಕ್ಕಿಸಿದರೆ ಸಾಕು, ಕೋಣೆಯೆಲ್ಲ ತಂಪು ಎಂದು ಜಾಹೀರಾತಿನಲ್ಲಿ ಬರೆದಿತ್ತು.

ಬಂದದ್ದು ಟಿಫಿನ್ ಡಬ್ಬಿಯಷ್ಟು ದೊಡ್ಡದು. ನೀರು ಹಿಡಿಯುವುದು ಅರ್ಧ ಲೀಟರ್. ಬಾಗಿಲು, ಕಿಟಕಿ ಮುಚ್ಚಿ ಹಚ್ಚಿಟ್ಟೆವು. ಒಂದು ತಾಸಾದ ಮೇಲೆ ಆಯಿ ಎದ್ದು ಹೊರಗಿನ ಬೇವಿನ ಮರದ ಕೆಳಗೆ ಹೋಗಿ ಕೂತರು. "ಇದು ಕೂಲರ್ ಅಲ್ಲ ತಮ್ಮಾ, ಹುಡುಗ್ರು ಆಡೋ ಸಾಮಾನ ಅದ. ನಮ್ಮ ರಾಂಜಣ ಇದಕ್ಕಿಂತ ಬೇಸ್ ಅದ" ಎಂದರು.

ನಾವು ನಕ್ಕೆವು. ಆದರೆ ಆಯಿಯ ಮಾತು ತಲೆಯಲ್ಲಿ ಉಳಿಯಿತು. ಕರೆಂಟೇ ಇಲ್ಲದ ಮಣ್ಣಿನ ರಾಂಜಣ ನೀರನ್ನು ತಂಪು ಮಾಡುತ್ತದೆ. ಕರೆಂಟಿನ ಈ ಡಬ್ಬಿ ಒಬ್ಬ ಮನುಷ್ಯರನ್ನು ಯಾಕೆ ತಂಪು ಮಾಡಲಿಲ್ಲ? ಉತ್ತರ ಹುಡುಕುತ್ತಾ ಹೋದಾಗ ಗೊತ್ತಾಯಿತು, ಕೂಲರಿನ ಕಥೆ ನಮ್ಮ ಬೀದರ್ ನಾಡಿಗೆ ಹೊಸದಲ್ಲ. ಆ ಹಳೆಯ ಕಥೆ ಗೊತ್ತಿದ್ದರೆ ಅಂಗಡಿಯಲ್ಲಿ ಮೋಸ ಹೋಗುವುದೂ ಕಡಿಮೆ.

ರಾಂಜಣ ಕಲಿಸುವ ಪಾಠ

ರಾಂಜಣದ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ತೂತುಗಳಿವೆ. ನೀರು ಅದರಿಂದ ಹೊರಗೆ ಜಿನುಗಿ ಒಣಗುತ್ತದೆ. ನೀರು ಆವಿಯಾಗಲು ಶಾಖ ಬೇಕು. ಆ ಶಾಖವನ್ನು ಒಳಗಿನ ನೀರಿನಿಂದಲೇ ಎಳೆದುಕೊಳ್ಳುತ್ತದೆ. ಹೀಗಾಗಿ ಒಳಗೆ ಉಳಿದ ನೀರು ತಂಪಾಗುತ್ತದೆ. ರಾಂಜಣಕ್ಕೆ ಒದ್ದೆ ಬಟ್ಟೆ ಸುತ್ತುವುದು, ಗಾಳಿ ಆಡುವ ಕಡೆ ಇಡುವುದು, ಎಲ್ಲವೂ ಇದಕ್ಕಾಗಿಯೇ.

ಅದೇ ರಾಂಜಣ ಮಳೆಗಾಲದಲ್ಲಿ ಅಷ್ಟು ತಂಪು ಕೊಡುವುದಿಲ್ಲ. ಗಾಳಿಯಲ್ಲೇ ಹಸಿ ತುಂಬಿರುವಾಗ ನೀರು ಒಣಗುವುದು ಹೇಗೆ? ಅಂದರೆ ಈ ತಂಪಿಗೆ ಮೂರು ಬೇಕು: ನೀರು, ಒಣ ಗಾಳಿ, ಮತ್ತು ಹಸಿಯಾದ ಗಾಳಿ ಹೊರಗೆ ಹೋಗಲು ದಾರಿ. ಮುಂದೆ ಬಂದ ಎಲ್ಲ ಯಂತ್ರಗಳೂ ಇದನ್ನೇ ಮಾಡಿದವು. ಬೇರೆ ಏನನ್ನೂ ಮಾಡಲಿಲ್ಲ.

ನೀರು ಮೊದಲು, ತಂಪು ಆಮೇಲೆ

15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ. ಎತ್ತರದ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ ಊರು. ಅಲ್ಲಿ ನೀರು ಸಿಗುವುದು ಸುಲಭದ ಮಾತಲ್ಲ. ಆಗ ಬಂದದ್ದು ಪರ್ಷಿಯಾದ ಕರೇಜ್ ವಿದ್ಯೆ. ಬೀದರ್ ಪಕ್ಕದ ನೌಬಾದಿನಲ್ಲಿ ಇಂದಿಗೂ ಅದನ್ನು ನೋಡಬಹುದು. ನಮ್ಮ ಜನ ಅದನ್ನು ಸುರಂಗ ಬಾವಿ ಎನ್ನುತ್ತಾರೆ. ಭೂಮಿಯ ಒಳಗೆ ಸ್ವಲ್ಪವೇ ಇಳಿಜಾರಾಗಿ ಸುರಂಗ ಕೊರೆದು, ನಡುನಡುವೆ ಬಾವಿಯಂಥ ಕಿಂಡಿಗಳನ್ನು ಬಿಟ್ಟಿದ್ದಾರೆ. ಯಾರೂ ಎತ್ತದೆ, ಯಾವ ಪಂಪೂ ಇಲ್ಲದೆ ನೀರು ತಾನಾಗಿ ಹರಿದು ಬರುತ್ತದೆ.

ಕರೇಜ್ ಕಟ್ಟಿದ್ದು ಮೊದಲಿಗೆ ಕುಡಿಯುವ ನೀರಿಗೆ. ಆದರೆ ನೀರು ಬಂದ ಕಡೆ ತಂಪೂ ಬರುತ್ತದೆ. ಬೀದರ್ ಕೋಟೆಯೊಳಗೆ ಸೋಳಾ ಖಂಬ ಮಸೀದಿಯ ಮುಂದಿರುವ ಲಾಲ್ ಬಾಗ್ ನೋಡಿದವರಿಗೆ ಇದು ಗೊತ್ತಾಗುತ್ತದೆ. ತೋಟದ ನಡುವೆ ಕಾಲುವೆ, ಕೊಳ, ಕಾರಂಜಿ. ಅವು ಕಣ್ಣಿಗೆ ಚಂದ ಮಾತ್ರವಲ್ಲ, ಸುಡುವ ಗಾಳಿ ನೀರಿನ ಮೇಲೆ ಹಾದು ಬಂದರೆ ತಣ್ಣಗಾಗುತ್ತದೆ. ಇರಾನಿನ ಯಜ್ದ್ ಊರಿನಲ್ಲಿ ಮನೆಯ ಮೇಲೆ ಗಾಳಿ ಹಿಡಿಯುವ ಗೋಪುರ ಕಟ್ಟಿ, ಆ ಗಾಳಿಯನ್ನು ಇಂಥದೇ ಸುರಂಗದ ನೀರಿನ ಮೇಲೆ ಹಾಯಿಸಿ ಕೋಣೆಗೆ ಬಿಡುತ್ತಿದ್ದರು.

ಉತ್ತರದಲ್ಲಿ ಮೊಗಲರು ಇನ್ನೊಂದು ಹೆಜ್ಜೆ ಮುಂದೆ ಹೋದರು. ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ಬರೆದ 'ಐನ್-ಎ-ಅಕ್ಬರಿ'ಯಲ್ಲಿ ಖಸ್ ಬೇರಿನ ತಡಿಕೆಗಳ ಮಾತಿದೆ. ಖಸ್ ಅಂದರೆ ನಮ್ಮ ಲಾವಂಚ. ಮರಾಠಿ ಮಾತಾಡುವವರು ವಾಳಾ ಎನ್ನುತ್ತಾರೆ. ಆ ಬೇರಿನ ತಡಿಕೆ ಕಟ್ಟಿ, ನೀರು ಚಿಮುಕಿಸಿದರೆ ಒಳಗೆ ಬರುವ ಗಾಳಿಗೆ ತಂಪೂ ಇರುತ್ತದೆ, ಸುವಾಸನೆಯೂ ಇರುತ್ತದೆ.

ಕೈಯಿಂದ ತಿರುಗಿಸುವ ಕೂಲರ್

ಬ್ರಿಟಿಷ್ ಅಧಿಕಾರಿಗಳು ಈ ಖಸ್ ತಟ್ಟಿಯನ್ನು ತಮ್ಮ ಬಂಗಲೆಗಳಿಗೆ ಹಾಕಿಸಿಕೊಂಡರು. ಗಾಳಿ ಬೀಸದ ದಿನ ತಟ್ಟಿಯಿಂದ ಉಪಯೋಗವಿಲ್ಲ. ಅದಕ್ಕೆ 19ನೇ ಶತಮಾನದ ಮೊದಲರ್ಧದಲ್ಲಿ ಥರ್ಮಾಂಟಿಡೋಟ್ ಎಂಬ ಯಂತ್ರ ಬಂತು. ದೊಡ್ಡ ಮರದ ಪೆಟ್ಟಿಗೆ, ಪಕ್ಕಗಳಲ್ಲಿ ಒದ್ದೆ ಖಸ್ ತಟ್ಟಿ, ಒಳಗೆ ತಿರುಗುವ ರೆಕ್ಕೆ. ಹೊರಗೆ ಆಳೊಬ್ಬ ಹಿಡಿಕೆ ತಿರುಗಿಸುತ್ತಿದ್ದ, ತಂಪು ಗಾಳಿ ಕೋಣೆಗೆ ಹೋಗುತ್ತಿತ್ತು. ಅಲಹಾಬಾದಿನಲ್ಲಿದ್ದ ಫ್ಯಾನಿ ಪಾರ್ಕ್ಸ್ ಎಂಬ ಆಂಗ್ಲ ಮಹಿಳೆ 1850ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಈ ಯಂತ್ರವನ್ನು ವಿವರಿಸಿದ್ದಾಳೆ.

ಓದಿದಾಗ ನಮಗೆ ಆಶ್ಚರ್ಯವಾಯಿತು. ಮೋಟರ್ ಒಂದನ್ನು ಬಿಟ್ಟರೆ ಅದು ಇಂದಿನ ಕೂಲರೇ.

ಆ ತಂಪಿನ ಹಿಂದೆ ಎಷ್ಟು ಜನರ ಬೆವರಿತ್ತು ನೋಡಿ. ಚರ್ಮದ ಚೀಲದಲ್ಲಿ ನೀರು ಹೊತ್ತು ತರುವ ಭಿಸ್ತಿ. ದಿನವಿಡೀ ತಟ್ಟಿಗೆ ನೀರು ಎರಚುವವನು. ಹಿಡಿಕೆ ತಿರುಗಿಸುವವನು. ರಾತ್ರಿಯೆಲ್ಲ ಪಂಖಾದ ಹಗ್ಗ ಎಳೆಯುವವನು. ಎಳೆಯುತ್ತಾ ತೂಕಡಿಸಿದರೆ ಏಟು ಬೀಳುತ್ತಿತ್ತು. ಒಳಗಿದ್ದವರು ತಂಪಾಗಿರಲು ಹೊರಗೆ ಬಿಸಿಲಲ್ಲಿ ನಿಂತವರು ಇವರು.

ತಗಡಿನ ಡಬ್ಬಿ ಬಂತು

ಕರ್ನಾಟಕದಲ್ಲಿ ಶಿವನಸಮುದ್ರದ ವಿದ್ಯುತ್ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿನಲ್ಲಿ ದೀಪ ಹತ್ತಿತು. ಆಗ ನಾವು ನಿಜಾಮನ ರಾಜ್ಯದಲ್ಲಿದ್ದೆವು. ನಮ್ಮ ಹಳ್ಳಿಗಳಿಗೆ ಕರೆಂಟು ಬರಲು ಬಹಳ ಕಾಲ ಬೇಕಾಯಿತು.

ಅತ್ತ ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ 1930ರ ದಶಕದಲ್ಲಿ ಜನ ಕರೆಂಟಿನ ಫ್ಯಾನಿನ ಹಿಂದೆ ಒದ್ದೆ ಜಾಳಿ ಕಟ್ಟಿ ಕೂಲರ್ ಮಾಡಿಕೊಳ್ಳತೊಡಗಿದರು. ಆಸ್ಪೆನ್ ಎಂಬ ಮರವನ್ನು ತೆಳ್ಳಗೆ ಹೆರೆದ ಎಳೆಗಳನ್ನು ಜಾಳಿಯಲ್ಲಿ ತುಂಬುತ್ತಿದ್ದರು. ನಮ್ಮ ತಗಡಿನ ಕೂಲರಿನಲ್ಲಿ ನಾವು ಹುಲ್ಲು ಎನ್ನುವುದೂ ಹೀಗೆ ಹೆರೆದ ಮರದ ಎಳೆಯೇ.

ನಮ್ಮ ಕಡೆ ಕೂಲರ್ ಅಂದರೆ ಮೊದಲು ಕಣ್ಣ ಮುಂದೆ ಬರುವುದು ಈ ತಗಡಿನ ಚೌಕ ಡಬ್ಬಿ. ಮೂರು ಕಡೆ ಹುಲ್ಲಿನ ಜಾಳಿ, ಕೆಳಗೆ ನೀರಿನ ತೊಟ್ಟಿ, ಒಳಗೆ ಸಣ್ಣ ಪಂಪು, ಮುಂದೆ ಫ್ಯಾನು. 1956ರಲ್ಲಿ ಹಳೆಯ ಬೀದರ್ ಜಿಲ್ಲೆಯನ್ನು ಒಡೆದಾಗ ಉದಗೀರ ಆ ಕಡೆ ಹೋಯಿತು, ಇಂದು ಅದು ಮಹಾರಾಷ್ಟ್ರ. ಔರಾದ, ಭಾಲ್ಕಿ ಈ ಕಡೆ ಉಳಿದವು. ಔರಾದ ತಾಲೂಕಿನಲ್ಲಿದ್ದ ಕಮಲನಗರ ಈಗ ತಾನೇ ಒಂದು ತಾಲೂಕು. ನಕ್ಷೆಯಲ್ಲಿ ಗೆರೆ ಬಿದ್ದರೂ ಬಿಸಿಲಿಗೆ ಗೆರೆ ಇಲ್ಲ, ಸಂತೆಗೂ ಇಲ್ಲ. ಕಮಲನಗರದವರು ಕೂಲರಿಗೆ ಭಾಲ್ಕಿಗೂ ಹೋಗುತ್ತಾರೆ, ಉದಗೀರಕ್ಕೂ ಹೋಗುತ್ತಾರೆ.

ತಗಡಿನ ಕೂಲರ್ ತಂಪು ಚೆನ್ನಾಗಿ ಕೊಡುತ್ತದೆ. ಆದರೆ ತುಕ್ಕು ಹಿಡಿಯುತ್ತದೆ. ಅರ್ಥಿಂಗ್ ಸರಿ ಇಲ್ಲದಿದ್ದರೆ ಮುಟ್ಟಿದವರಿಗೆ ಶಾಕ್ ಹೊಡೆಯುತ್ತದೆ, ಜೀವವೂ ಹೋಗುತ್ತದೆ. ಆಮೇಲೆ ಪ್ಲಾಸ್ಟಿಕ್ ಮೈಯ ಕೂಲರುಗಳು ಬಂದವು. ಚಕ್ರ ಬಂದವು, ಹುಲ್ಲಿನ ಬದಲು ಜೇನುಗೂಡಿನಂಥ ಕಾಗದದ ಪ್ಯಾಡ್ ಬಂತು. ಕೊನೆಗೆ ಬಂದದ್ದು ನಾವು ತರಿಸಿದಂಥ ಅಂಗೈ ಕೂಲರ್.

ಅರ್ಧ ಲೀಟರಿನ ಲೆಕ್ಕ

ಈಗ ಆಯಿಯ ಪ್ರಶ್ನೆಗೆ ಬರೋಣ. ಒಂದು ಲೀಟರ್ ನೀರು ಆವಿಯಾದರೆ ಅದು ಎಳೆದುಕೊಳ್ಳುವ ಶಾಖ ಸುಮಾರು 7 ಕಿಲೋ ಐಸ್ ಕರಗುವಾಗ ಎಳೆದುಕೊಳ್ಳುವಷ್ಟು. ಆದ್ದರಿಂದ ಐಸ್ ತಟ್ಟೆ ಇದೆ ಎಂದು ಕೂಲರಿಗೆ ಹೆಚ್ಚು ಹಣ ಕೊಡಬೇಕಿಲ್ಲ. ಕೂಲರಿನ ಬಲ ಇರುವುದು ತಾಸಿಗೆ ಎಷ್ಟು ನೀರು ಆವಿಯಾಗುತ್ತದೆ ಎಂಬುದರಲ್ಲಿ.

ನಮ್ಮ ಡಬ್ಬಿಯಲ್ಲಿ ಅರ್ಧ ಲೀಟರ್ ನೀರು ಐದು ತಾಸು ಬರುತ್ತಿತ್ತು. ಲೆಕ್ಕ ಹಾಕಿದರೆ ಅದು ತೆಗೆಯುವ ಶಾಖ ಸುಮಾರು 67 ವಾಟ್. ಸುಮ್ಮನೆ ಕೂತ ಒಬ್ಬ ಮನುಷ್ಯನ ಮೈಯಿಂದಲೇ ಸುಮಾರು 100 ವಾಟ್ ಶಾಖ ಹೊರಬರುತ್ತದೆ. ಅಂದರೆ ಎದುರಿಗೆ ಕೂತ ಆಯಿಯ ಮೈಶಾಖವನ್ನೂ ಅದು ಪೂರ್ತಿ ತೆಗೆಯಲಾರದು. ಮೇಲಿನ ಪತ್ರಾದ ಶಾಖದ ಮಾತು ದೂರವೇ ಉಳಿಯಿತು. ತಾಸಿಗೆ 3 ಲೀಟರ್ ಕುಡಿಯುವ ಕೂಲರ್ ಸುಮಾರು 2,000 ವಾಟ್ ಶಾಖ ತೆಗೆಯುತ್ತದೆ. ವ್ಯತ್ಯಾಸ ಮೂವತ್ತು ಪಟ್ಟು.

ಇನ್ನೊಂದು ತಪ್ಪು ನಮ್ಮದೇ. ಬಾಗಿಲು, ಕಿಟಕಿ ಮುಚ್ಚಿದ್ದೆವು. ಎಸಿಗೆ ಮುಚ್ಚಬೇಕು, ಕೂಲರಿಗೆ ತೆರೆಯಬೇಕು. ಮುಚ್ಚಿದ ಕೋಣೆಯಲ್ಲಿ ಹಸಿ ತುಂಬಿ ಮೈ ಅಂಟಂಟಾಗುತ್ತದೆ.

ಹಾಗಾದರೆ ಯಾವುದನ್ನು ಆರಿಸುವುದು?

ಓದುವ ಮೇಜಿನ ಮೇಲೆ, ಮುಖದಿಂದ ಒಂದೆರಡು ಅಡಿ ದೂರದಲ್ಲಿ ಸಣ್ಣ ಗಾಳಿ ಸಾಕು ಎನ್ನುವವರಿಗೆ ಅಂಗೈ ಕೂಲರ್ ನಡೆಯುತ್ತದೆ. ಅದು ನೀರು ಹಾಕುವ ಸಣ್ಣ ಫ್ಯಾನು, ಅಷ್ಟೇ ಎಂದು ತಿಳಿದು ಕೊಳ್ಳಿ. ಮಂಚದ ಮೇಲೆ ಮಲಗುವ ಹಿರಿಯರಿಗೆ, ಬಾಣಂತಿಗೆ, ಕೂಸಿಗೆ ಅದನ್ನು ನಂಬಬೇಡಿ. ಅವರಿಗೆ 15ರಿಂದ 20 ಲೀಟರ್ ಹಿಡಿಯುವ, ಪಂಪು ಮತ್ತು ದಪ್ಪ ಪ್ಯಾಡ್ ಇರುವ ಸಣ್ಣ ಕೂಲರ್ ಬೇಕು. ಮೂರು ಪಿನ್ನಿನ ಪ್ಲಗ್ ಇರಲಿ. ಭಾರತದಲ್ಲಿ ಇಂಥ ಕೂಲರುಗಳಿಗೆ ಐಎಸ್ 3315 ಎಂಬ ಮಾನಕವಿದೆ, ಡಬ್ಬದ ಮೇಲೆ ಅದು ಇದೆಯೇ ನೋಡಿ.

ಇಡುವ ಜಾಗ ತೆರೆದ ಕಿಟಕಿಯ ಹತ್ತಿರ. ಹಿಂದಿನಿಂದ ಹೊರಗಿನ ಒಣ ಗಾಳಿ ಬರಬೇಕು, ಎದುರಿನ ಬಾಗಿಲಿನಿಂದ ಹಸಿ ಗಾಳಿ ಹೋಗಬೇಕು. ಹೊರಗೆ 42 ಡಿಗ್ರಿ ಇದ್ದು, ಗಾಳಿಯ ತೇವ ನೂರಕ್ಕೆ 20 ಇದ್ದರೆ, ಒಳ್ಳೆಯ ಕೂಲರಿನ ಗಾಳಿ 28 ಡಿಗ್ರಿಯ ಹತ್ತಿರ ಬರುತ್ತದೆ. ಅದೇ ಜೂನ್ ತಿಂಗಳ ಮಳೆಯಲ್ಲಿ 30 ಡಿಗ್ರಿ, ತೇವ 80 ಇದ್ದರೆ ಎರಡು ಮೂರು ಡಿಗ್ರಿಯಷ್ಟೇ ಇಳಿಯುತ್ತದೆ. ಆಗ ಪಂಪು ಬಂದ್ ಮಾಡಿ ಬರೀ ಫ್ಯಾನು ಹಚ್ಚಿ.

ಕರೆಂಟಿನ ಲೆಕ್ಕವೂ ಇದೆ. 100 ವಾಟಿನ ಕೂಲರ್ ದಿನಕ್ಕೆ 10 ತಾಸು ನಡೆದರೆ ಒಂದು ಯೂನಿಟ್, ತಿಂಗಳಿಗೆ 30 ಯೂನಿಟ್. ಗೃಹಜ್ಯೋತಿ ಇದೆಯಲ್ಲ ಎನ್ನಬೇಡಿ. ಅದರಲ್ಲಿ ಪ್ರತಿ ಮನೆಗೂ ಹಿಂದಿನ ಬಳಕೆಯ ಮೇಲೆ ಮಿತಿ ಇಟ್ಟಿದ್ದಾರೆ. ಮಿತಿ ದಾಟಿದ ಯೂನಿಟ್ಟಿಗೆ ಹಣ ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ನಿಮ್ಮ ಜೆಸ್ಕಾಂ ಬಿಲ್ಲು ತೆಗೆದು ಒಮ್ಮೆ ನೋಡಿಕೊಳ್ಳಿ.

ನೀರು ತುಂಬುವಾಗ, ತೊಳೆಯುವಾಗ ಸ್ವಿಚ್ ಬಂದ್ ಮಾಡಿದರೆ ಸಾಲದು, ಪ್ಲಗ್ಗನ್ನೇ ತೆಗೆಯಿರಿ. ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ತಿಕ್ಕಿ ಒಣಗಿಸಿ. ನಿಂತ ನೀರಿನಲ್ಲಿ ಡೆಂಗಿ ಸೊಳ್ಳೆ ಮೊಟ್ಟೆ ಇಡುತ್ತದೆ.

ಕೊಡ ಹೊರುವವರು ಯಾರು?

ಅಂಗಡಿಯವರು ಕೇಳದ ಪ್ರಶ್ನೆ ಒಂದು ಉಳಿಯಿತು. ತಾಸಿಗೆ 3 ಲೀಟರ್ ಎಂದರೆ ಎಂಟು ತಾಸಿಗೆ 24 ಲೀಟರ್. ಹೆಚ್ಚು ಕಡಿಮೆ ಎರಡು ಕೊಡ. ನಲ್ಲಿ ಬರದ ದಿನ ಆ ಎರಡು ಕೊಡ ಎಲ್ಲಿಂದ ಬರುತ್ತವೆ?

ತಟ್ಟಿಗೆ ನೀರು ಎರಚುವವನ ಕೆಲಸವನ್ನು ಪಂಪು ಮಾಡಿತು. ಹಿಡಿಕೆ ತಿರುಗಿಸುವವನ ಕೆಲಸವನ್ನು ಮೋಟರ್ ಮಾಡಿತು. ಭಿಸ್ತಿಯ ಕೆಲಸ ಮಾತ್ರ ನಮ್ಮ ಮನೆಗಳಲ್ಲಿ ಅವ್ವ, ಅಕ್ಕ, ಸೊಸೆಯ ತಲೆಯ ಮೇಲೆ ಉಳಿಯಿತು. ಬೋರಿನಿಂದ ಕೊಡ ಹೊತ್ತು ತಂದವರು ಒಲೆಯ ಮುಂದೆ ಬೇಯುತ್ತಿದ್ದರೆ, ಕೂಲರ್ ಮುಂದೆ ಮಲಗಿದವರು ಯಾರು ಎಂದು ಒಮ್ಮೆ ನೋಡಿಕೊಳ್ಳೋಣ.

ಈ ಬೇಸಿಗೆಗೆ ನಾವು ಆಯಿಗೆ 20 ಲೀಟರಿನ ಕೂಲರ್ ತಂದೆವು. ಕಿಟಕಿಯ ಹತ್ತಿರ ಇಟ್ಟಿದ್ದೇವೆ, ಬಾಗಿಲು ತೆರೆದಿರುತ್ತದೆ. ಮನೆಯಲ್ಲಿ ಒಂದು ನಿಯಮ ಮಾಡಿಕೊಂಡಿದ್ದೇವೆ: ಕೂಲರ್ ಹಚ್ಚುವ ಗಂಡಸರೇ ನೀರು ತಂದು ತುಂಬಬೇಕು. ಮೊದಲ ವಾರ ಮುಖ ಗಂಟು ಹಾಕಿದವರಿದ್ದರು, ಈಗ ರೂಢಿಯಾಗಿದೆ. ಮಧ್ಯಾಹ್ನ ಆಯಿ ಒಳಗೇ ಮಲಗುತ್ತಾರೆ. ಕುಡಿಯುವ ನೀರು ಮಾತ್ರ ಇಂದಿಗೂ ರಾಂಜಣದ್ದೇ.