ದಿವಾನಖಾನೆಯಲ್ಲಿ ವಕಾಲತ್ತು

ಒಬ್ಬರೇ ವೃತ್ತಿ ನಡೆಸುವ ವಕೀಲರಿಗೆ ಬಾಡಿಗೆ ಕಚೇರಿ ಎಂದಿಗೂ ಹಗುರವಾದ ಬಾಬತ್ತಲ್ಲ. ಬೀದರ್ ಸೀಮೆಯಲ್ಲಿ ಅದಕ್ಕೊಂದು ಹಳೆಯ ಪರಿಹಾರವಿದೆ: ಮನೆಯ ಮುಂಗೋಣೆ.

1948ರ ಸೆಪ್ಟೆಂಬರ್‌ವರೆಗೆ ಈ ಪ್ರದೇಶ ನಿಜಾಮರ ಆಳ್ವಿಕೆಯಲ್ಲಿತ್ತು. ನ್ಯಾಯಾಲಯದ ಭಾಷೆ ಮೊದಲು ಫಾರ್ಸಿ, 1884ರ ನಂತರ ಉರ್ದು. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಕಾಲವದು. ಉರ್ದು ಬಾರದ ರೈತನಿಗೆ ದಾವೆ ಹೂಡುವುದಿರಲಿ, ಬಂದ ಸಮನ್ಸು ಓದಿಸಿಕೊಳ್ಳಲೂ ಒಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. ಅನುಕೂಲಸ್ಥರ ಮನೆಗಳಲ್ಲಿ ಹೊರಗಿನವರನ್ನು ಕೂರಿಸಲೆಂದೇ ದಿವಾನಖಾನೆ ಇರುತ್ತಿತ್ತು. ಒಳಮನೆಗೆ ತೊಂದರೆಯಾಗದಂತೆ ಕಕ್ಷಿದಾರ ಬಂದು ಹೋಗಬಹುದಿತ್ತು. ಅಲ್ಲಿ ಒಂದು ಗಾದಿ, ಒಂದು ಡೆಸ್ಕು, ಬರೆಯಲು ಒಬ್ಬ ಮುನ್ಶಿ ಇದ್ದರೆ ಕಚೇರಿ ಸಿದ್ಧ.

1956ರ ನವೆಂಬರ್ 1ರಂದು ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು. ಸುಮಾರು 140 ಕಿ.ಮೀ. ದೂರದ ಹೈದರಾಬಾದಿನಲ್ಲಿದ್ದ ಹೈಕೋರ್ಟು ಸುಮಾರು 700 ಕಿ.ಮೀ. ಆಚೆಯ ಬೆಂಗಳೂರಿಗೆ ಜಿಗಿಯಿತು. ಅಲ್ಲಿ ಕೋಣೆ ಹಿಡಿಯುವ ಶಕ್ತಿ ಎಷ್ಟು ಮಂದಿಗಿದ್ದೀತು? ಕಲಬುರಗಿಗೆ ಸಂಚಾರಿ ಪೀಠ ಬಂದದ್ದು 2008ರಲ್ಲಿ. ಅದು ಕಾಯಂ ಆದದ್ದು 2013ರಲ್ಲಿ.

1961ರ ವಕೀಲರ ಕಾಯ್ದೆ ವಕೀಲ, ಪ್ಲೀಡರ್, ಮುಖ್ತಾರ ಎಂಬ ಹಳೆಯ ದರ್ಜೆಗಳನ್ನು ಅಳಿಸಿ ಎಲ್ಲರನ್ನೂ ಅಡ್ವೊಕೇಟ್ ಎಂದಿತು. ಜನ ಮಾತ್ರ ವಕೀಲಸಾಹೇಬರೆಂದೇ ಕರೆಯುತ್ತಾರೆ! ಬಾರ್ ಕೌನ್ಸಿಲ್ ನಿಯಮದಂತೆ ಜಾಹೀರಾತು ನಿಷಿದ್ಧ, ನಾಮಫಲಕವೂ ಮಿತ ಗಾತ್ರದ್ದಿರಬೇಕು. ಹೀಗಿರುವಾಗ ದೊಡ್ಡ ರಸ್ತೆಯ ದುಬಾರಿ ಮಳಿಗೆ ಹಿಡಿದು ಬರುವ ಲಾಭ ಅಷ್ಟಕ್ಕಷ್ಟೇ. ಕೇರಳದ ಅಂಗಡಿ ಕಾಯ್ದೆಯ ಪ್ರಕರಣವೊಂದರಲ್ಲಿ ವಕೀಲರ ಕಚೇರಿ ವಾಣಿಜ್ಯ ಸಂಸ್ಥೆಯಲ್ಲವೆಂದು ಸುಪ್ರೀಂ ಕೋರ್ಟು 1984ರಲ್ಲಿ ತೀರ್ಪಿತ್ತಿತು.

ಆದರೆ ಮುಂಗೋಣೆ ಇರುವುದು ಸ್ವಂತ ಮನೆಯಿದ್ದವರಿಗೆ. ಔರಾದ್ ತಾಲ್ಲೂಕಿನ ಹಳ್ಳಿಯಿಂದ ಬಂದು ಬಾಡಿಗೆಯ ಒಂದೇ ಕೋಣೆಯಲ್ಲಿರುವ ಹೊಸಬರ ಪಾಡೇನು? ಅವರಿಗೆ ಉಳಿಯುವುದು ಹಿರಿಯ ವಕೀಲರ ಕಚೇರಿಯ ಮೂಲೆ, ಇಲ್ಲವೇ ವಕೀಲರ ಸಂಘದ ಮೇಜು. ಇಲ್ಲಿ ಬಾಡಿಗೆಗಿಂತ ದೊಡ್ಡ ತೊಡಕೊಂದಿದೆ. ಕಕ್ಷಿದಾರ ಹೇಳಿದ ಗುಟ್ಟನ್ನು ವಕೀಲ ಹೊರಗೆಡಹುವಂತಿಲ್ಲ ಎಂದು 1872ರ ಸಾಕ್ಷ್ಯ ಕಾಯ್ದೆ ವಿಧಿಸಿತ್ತು. 2024ರ ಜುಲೈನಲ್ಲಿ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮವೂ ಅದನ್ನೇ ಹೇಳುತ್ತದೆ. ಗಂಡನ ಹೊಡೆತದ ಬಗ್ಗೆ ಹೇಳಲು ಬಂದ ಹೆಂಗಸು ಹತ್ತು ಮಂದಿ ಕುಳಿತ ಮೇಜಿನೆದುರು ಬಾಯಿ ಬಿಡುವುದು ಹೇಗೆ?

2020ರ ಕೋವಿಡ್ ಕಾಲದಲ್ಲಿ ವಿಡಿಯೊ ವಿಚಾರಣೆ ವ್ಯಾಪಕವಾಯಿತು. ಔರಾದಿನಲ್ಲೇ ಕುಳಿತು ಕಲಬುರಗಿ ಪೀಠದ ಮುಂದೆ ವಾದಿಸುವುದು ಅಸಾಧ್ಯವಾಗಿ ಉಳಿದಿಲ್ಲ. ಅದಕ್ಕೂ ಬಾಗಿಲು ಮುಚ್ಚಬಹುದಾದ ಒಂದು ಕೋಣೆ ಬೇಕು.