ಕಣ್ಣಿನಡಿಯ ಮಡಿಕೆ: ಬಾಗ್ದಾದಿನಿಂದ ಇಂದಿನವರೆಗೆ

ಸುಮಾರು ಸಾವಿರ ವರ್ಷಗಳ ಹಿಂದೆ ಬಾಗ್ದಾದಿನ ನೇತ್ರವೈದ್ಯ ಅಲಿ ಇಬ್ನ್ ಈಸಾ ಅವರು ರೆಪ್ಪೆಯ ಹೆಚ್ಚುವರಿ ಚರ್ಮವನ್ನು ಎರಡು ಕಡ್ಡಿಗಳ ನಡುವೆ ಒತ್ತಿ ಕಟ್ಟಿ, ಒಣಗಿ ಉದುರಿಸುವ ವಿಧಾನವನ್ನು ವಿವರಿಸಿದ್ದರು. 20ನೇ ಶತಮಾನದ ಆರಂಭದಲ್ಲಿ ಯುರೋಪಿನಲ್ಲಿ ಮುಖ ಬಿಗಿಗೊಳಿಸುವ ಶಸ್ತ್ರಚಿಕಿತ್ಸೆ ಬಂತು. ಆದರೆ ಅದರ ನಂತರವೂ ಕೆಲವರಿಗೆ ಕಣ್ಣಿನ ಕೆಳಗೆ ಜೋಲುವ ಮಡಿಕೆ ಉಳಿಯುತ್ತದೆ.

ಏಕೆ? ಕಣ್ಣಿನ ಸುತ್ತಲಿನ ಸ್ನಾಯು ಸಡಿಲಗೊಳ್ಳುವುದೂ ಇದಕ್ಕೆ ಕಾರಣವೆಂದು 1978ರಲ್ಲಿ ಅಮೆರಿಕದ ಡೇವಿಡ್ ಫರ್ನಾಸ್ ವಿವರಿಸಿದರು. ಕಿವಿಯ ಬಳಿ ಚರ್ಮ ಎಳೆದರೆ ದವಡೆ ಬಿಗಿಯಾದೀತು, ಕಣ್ಣಿನಡಿಯ ಮಡಿಕೆ ಹೋಗದು.

ಆದ್ದರಿಂದ ಮೊದಲು ಥೈರಾಯ್ಡ್, ಮೂತ್ರಪಿಂಡ, ಅಲರ್ಜಿಯ ತೊಂದರೆ ಇದೆಯೇ ಎಂದು ಪರೀಕ್ಷಿಸಬೇಕು. ನಂತರ ನೇರ ಶಸ್ತ್ರಚಿಕಿತ್ಸೆ, ಲೇಸರ್ ಅಥವಾ ಡಾಕ್ಸಿಸೈಕ್ಲಿನ್ ಚುಚ್ಚುಮದ್ದು. ಎಲ್ಲರಿಗೂ ಒಪ್ಪುವ ಒಂದೇ ಚಿಕಿತ್ಸೆ ಇಂದಿಗೂ ಇಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ವಿದ್ಯಾರ್ಥಿಗಳೇ, ನಾಳೆ ನೀವು ವೈದ್ಯರಾದಾಗ ಕತ್ತರಿ ಹಿಡಿಯುವ ಮೊದಲು ಕಾರಣ ಹುಡುಕಿರಿ.