ಪಾತ್ರಾಟ: ಗಣಕದ ಸಲಕರಣೆಗಳೂ ಕವಡೆಯ ಲೆಕ್ಕವೂ

ಕೋಲಾರ: ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತು, ತಲಾ ಒಂದೊಂದು ಪಾತ್ರ ವಹಿಸಿಕೊಂಡು, ದಾಳ ಉರುಳಿಸುತ್ತಾ ಮಾತಿನಲ್ಲೇ ಕಥೆ ಕಟ್ಟುವ ಆಟಕ್ಕೆ ರೋಲ್‌ಪ್ಲೇಯಿಂಗ್ ಗೇಮ್ ಎಂದು ಹೆಸರು. ಕನ್ನಡದಲ್ಲಿ ಇದನ್ನು ಪಾತ್ರಾಟ ಎನ್ನಬಹುದು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' 1974ರಲ್ಲಿ ಪ್ರಕಟವಾದ ನಂತರ ಈ ಬಗೆಯ ಆಟ ಜಗತ್ತಿನಾದ್ಯಂತ ಹರಡಿತು.

ಕೋಲಾರ ಸೀಮೆಯವರಿಗೆ ಇದರ ಎರಡು ಅಂಶಗಳು ಹೊಸತಲ್ಲ. ಪಾತ್ರ ಕಟ್ಟಿ ಕಥೆ ಆಡುವ ಕೇಳಿಕೆ ಇಲ್ಲಿನದೇ ಜನಪದ ರಂಗಕಲೆ. ಕವಡೆ ಎಸೆದು ಕಾಯಿ ನಡೆಸುವ ಚೌಕಾಬಾರ ಜಗಲಿಯ ಆಟ. ಕೇಳಿಕೆಯಲ್ಲಿ ಕಥೆಯ ಕೊನೆ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ. ಪಾತ್ರಾಟದಲ್ಲಿ ಅದನ್ನು ಆಟಗಾರರ ಆಯ್ಕೆ ಹಾಗೂ ದಾಳ ನಿರ್ಧರಿಸುತ್ತವೆ. ಕಥೆ ನಡೆಸುವ ಸೂತ್ರಧಾರನಿಗೂ ಮುಂದೇನೆಂಬುದು ಪೂರ್ತಿ ತಿಳಿದಿರುವುದಿಲ್ಲ.

ಸಲಕರಣೆಗಳು ಯಾವುವು?

ಮಾಲೂರಿನ ಗೆಳೆಯನೊಬ್ಬ ಬೆಂಗಳೂರಿನಲ್ಲಿ, ಮುಳಬಾಗಿಲಿನವನು ಚೆನ್ನೈನಲ್ಲಿ, ಶ್ರೀನಿವಾಸಪುರದವನು ಹೊರದೇಶದಲ್ಲಿ ನೆಲೆಸಿದ್ದರೆ ಒಂದೇ ಮೇಜಿನ ಸುತ್ತ ಸೇರುವುದು ಕಷ್ಟ. ಈ ಕೊರತೆಯನ್ನು ತುಂಬಲು ಹುಟ್ಟಿದ್ದೇ ಅಂತರಜಾಲದ ಮೇಜು. ಅದರಲ್ಲಿ ನಕ್ಷೆ, ಕಾಯಿ, ದಾಳ, ಪಾತ್ರದ ವಿವರಪಟ್ಟಿ ಎಲ್ಲವೂ ಪರದೆಯ ಮೇಲೆ ಇರುತ್ತವೆ.

ರೋಲ್20 ಎಂಬ ಸೇವೆ 2012ರಲ್ಲಿ ಆರಂಭವಾಯಿತು. ಬ್ರೌಸರ್ ಇದ್ದರೆ ಸಾಕು, ಪ್ರಾಥಮಿಕ ಬಳಕೆ ಉಚಿತ. ಫೌಂಡ್ರಿ 2020ರಲ್ಲಿ ಬಂತು. ಆಟ ನಡೆಸುವವರೊಬ್ಬರು ಒಮ್ಮೆ ಹಣ ಕೊಟ್ಟು ಕೊಂಡರೆ ಉಳಿದವರು ಖರ್ಚಿಲ್ಲದೆ ಸೇರಬಹುದು. ಇದರ ಒಡೆತನ ಖಾಸಗಿಯಾದರೂ ಬಳಕೆದಾರರೇ ಬರೆದ ಹೆಚ್ಚುವರಿ ಘಟಕಗಳು ಹೇರಳವಾಗಿವೆ. ಭಾಷಾಂತರವನ್ನೂ ಇಂತಹ ಘಟಕವಾಗಿ ಸೇರಿಸಬಹುದು. ಮ್ಯಾಪ್‌ಟೂಲ್ ಸಂಪೂರ್ಣ ಮುಕ್ತ ತಂತ್ರಾಂಶ. ಅದರ ಮೂಲ ಸಂಕೇತವನ್ನು ಯಾರಾದರೂ ಓದಬಹುದು, ತಿದ್ದಬಹುದು, ಹಂಚಬಹುದು.

ಕವಡೆಯ ಲೆಕ್ಕ

ಇಂತಹ ಸಲಕರಣೆಗಳಿಗೆ ನಮ್ಮ ಆಟವನ್ನು ಅಳವಡಿಸುವಾಗ ಎಚ್ಚರ ಅಗತ್ಯ. ಇಪ್ಪತ್ತು ಮುಖದ ದಾಳದಲ್ಲಿ ಪ್ರತಿ ಸಂಖ್ಯೆ ಬೀಳುವ ಸಾಧ್ಯತೆ ಸಮಾನ, ಅಂದರೆ ಶೇ. 5. ಚೌಕಾಬಾರದ ನಾಲ್ಕು ಕವಡೆಗಳ ಲೆಕ್ಕವೇ ಬೇರೆ. ಮೇಲ್ಮುಖವಾಗಿ ಬಿದ್ದ ಕವಡೆಗಳೆಷ್ಟೋ ಅಷ್ಟು ಮನೆ. ನಾಲ್ಕೂ ಮೇಲ್ಮುಖವಾದರೆ ಚೌಕ, ಅಂದರೆ 4. ನಾಲ್ಕೂ ಬೋರಲಾದರೆ ಬಾರ, ಅಂದರೆ 8. ಪ್ರತಿ ಕವಡೆಗೂ ಎರಡೂ ಕಡೆ ಸಮಾನ ಅವಕಾಶವಿದೆ ಎಂದುಕೊಂಡರೆ 16 ಬಗೆಯಲ್ಲಿ ಕವಡೆ ಬೀಳಬಹುದು. ಇವುಗಳಲ್ಲಿ 1 ಬರುವುದು 4 ಬಗೆ, 2 ಬರುವುದು 6 ಬಗೆ, 3 ಬರುವುದು 4 ಬಗೆ. ಚೌಕಕ್ಕೂ ಬಾರಕ್ಕೂ ತಲಾ ಒಂದೇ ಬಗೆ, ಅಂದರೆ ಶೇ. 6.25.

ಇದನ್ನರಿಯದ ತಂತ್ರಾಂಶಕಾರನು ಐದು ಫಲಗಳಲ್ಲಿ ಒಂದನ್ನು ಸುಮ್ಮನೆ ಆರಿಸುವಂತೆ ಬರೆದರೆ ಚೌಕ, ಬಾರಗಳು ತಲಾ ಶೇ. 20ರಷ್ಟು ಸಲ ಬೀಳುತ್ತವೆ. ಅಪರೂಪದ್ದೆಂಬ ಕಾರಣಕ್ಕೇ ಎಲ್ಲರೂ ಕಾಯುವ ಬಾರ ಆಗ ಸಾಮಾನ್ಯವಾಗಿ, ಆಟದ ರುಚಿ ಕೆಡುತ್ತದೆ. ಹೀಗಾಗಿ ನಾಲ್ಕು ಕವಡೆಗಳನ್ನೂ ಬೇರೆಬೇರೆಯಾಗಿ ಎಸೆದು ಎಣಿಸುವಂತೆ ತಂತ್ರಾಂಶ ಬರೆಯಬೇಕು.

ಕವಡೆಯ ಬದಲು ಒಂದು ಬದಿ ತೇಯ್ದ ಹುಣಸೆ ಬೀಜ ಬಳಸುವುದೂ ಉಂಟು. ಅವು ಸಮವಾಗಿ ಬೀಳಬೇಕೆಂದಿಲ್ಲ. ಮೇಲ್ಮುಖವಾಗುವ ಸಾಧ್ಯತೆ ಶೇ. 40 ಆದರೆ ಬಾರ ಸುಮಾರು ಶೇ. 13ಕ್ಕೆ ಏರುತ್ತದೆ, ಚೌಕ ಶೇ. 2.6ಕ್ಕೆ ಇಳಿಯುತ್ತದೆ. ನಿಯಮಗಳಲ್ಲೂ ಮನೆಯಿಂದ ಮನೆಗೆ ವ್ಯತ್ಯಾಸವಿದೆ. ಎದುರಾಳಿಯ ಕಾಯಿ ಹೊಡೆಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎಂಬುದು ಕೆಲವೆಡೆ ಕಡ್ಡಾಯ, ಕೆಲವೆಡೆ ಇಲ್ಲ. ಇಂತಹ ಸೂಕ್ಷ್ಮಗಳು ಆಡಿದವರಿಗಷ್ಟೇ ಗೊತ್ತು. ಸಮುದಾಯ ತಂತ್ರಾಂಶದಲ್ಲಿ ಗಣಕ ತಜ್ಞನಷ್ಟೇ ಮನೆಯ ಅಜ್ಜಿಗೂ ಸ್ಥಾನವಿರುವುದು ಈ ಕಾರಣಕ್ಕೆ.

ನಿಯಮ ಯಾರ ಸೊತ್ತು?

ವಿಜಾರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆ 2000ದಲ್ಲಿ ತನ್ನ ಆಟದ ಮೂಲ ನಿಯಮಗಳನ್ನು ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅದನ್ನು ನಂಬಿ ಸಾವಿರಾರು ಜನ ಪುಸ್ತಕ, ತಂತ್ರಾಂಶ ರಚಿಸಿದರು. 2023ರ ಜನವರಿಯಲ್ಲಿ ಪರವಾನಗಿಯನ್ನು ಬಿಗಿಗೊಳಿಸುವ ಕರಡು ಬಯಲಾದಾಗ ಆಟಗಾರರು ತೀವ್ರವಾಗಿ ಪ್ರತಿಭಟಿಸಿದರು. ಸಂಸ್ಥೆ ಹಿಂದೆ ಸರಿದು, ಅದೇ ತಿಂಗಳ 27ರಂದು ಸುಮಾರು 400 ಪುಟಗಳ ನಿಯಮಾವಳಿಯನ್ನು ಕ್ರಿಯೇಟಿವ್ ಕಾಮನ್ಸ್ ಅಡಿಯಲ್ಲಿ ಪ್ರಕಟಿಸಿತು. ಮೂಲವನ್ನು ಹೆಸರಿಸಿದರೆ ಸಾಕು, ಅದನ್ನು ಕನ್ನಡಕ್ಕೂ ಅನುವಾದಿಸಬಹುದು.

ಕನ್ನಡಕ್ಕೆ ಈ ಪಾಠ ಹೊಸತಲ್ಲ. ಯೂನಿಕೋಡ್ ಬಳಕೆ ಹರಡುವ ಮೊದಲು ಒಂದೊಂದು ತಂತ್ರಾಂಶವೂ ತನ್ನದೇ ಸಂಕೇತಕ್ರಮ ಬಳಸುತ್ತಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದರಲ್ಲಿ ಅರ್ಥವಾಗದ ಚಿಹ್ನೆಗಳಾಗಿ ಕಾಣುತ್ತಿತ್ತು. ಹಳೆಯ ಕಡತಗಳಿಗೆ ಪರಿವರ್ತಕಗಳು ಬೇಕಾದವು. ಸಾಮಾನ್ಯ ಮಾನಕ ನೆಲೆಗೊಂಡ ಮೇಲೆ ಪರಿಸ್ಥಿತಿ ಬದಲಾಯಿತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಸ್ವಯಂಸೇವಕರ ದುಡಿಮೆಯಿಂದಲೇ ಬೆಳೆದಿದೆ.

ಇಂದು ಯೂನಿಕೋಡ್, ಮುಕ್ತ ಫಾಂಟ್‌ಗಳು, ಮುಕ್ತ ನಿಯಮಾವಳಿ, ತಿದ್ದಬಹುದಾದ ತಂತ್ರಾಂಶ ನಾಲ್ಕೂ ಕೈಗೆಟುಕುವಂತಿವೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಉರ್ದು, ತಮಿಳು ಕೇಳಿ ಬೆಳೆಯುವ ಈ ಗಡಿಸೀಮೆಯ ಯುವಕರಿಗೆ ಭಾಷಾಂತರ ಅಪರಿಚಿತ ಕೆಲಸವೇನಲ್ಲ. ಮೊದಲ ಹೆಜ್ಜೆಗೆ ದೊಡ್ಡ ಬಂಡವಾಳವೂ ಬೇಡ: ತಮ್ಮ ಊರಿನ ಚೌಕಾಬಾರದ ನಿಯಮಗಳನ್ನು ಹಿರಿಯರಿಂದ ಕೇಳಿ ಬರೆದಿಟ್ಟುಕೊಂಡು, ಯಾರು ಬೇಕಾದರೂ ಬಳಸುವಂತೆ ಮುಕ್ತ ಪರವಾನಗಿಯಲ್ಲಿ ಪ್ರಕಟಿಸಿದರೆ ಸಾಕು. ತಂತ್ರಾಂಶವನ್ನು ಮುಂದೆಂದಾದರೂ ಬರೆಯಬಹುದು. ನಿಯಮ ಬಲ್ಲ ಹಿರಿಯರು ಇರುವಾಗಲೇ ಕೇಳಿಡಬೇಕಾದ್ದು ಮಾತ್ರ ಈಗಿನ ಕೆಲಸ.